ದ್ವಾರಕನಾಥ ಒಡೆದ ಕುಂಬಳಕಾಯಿ

ಜರ್ಮನಿಯ ಸ್ಟುಟ್‌ಗಾರ್ಟ್ ಊರಿನ ಫೊಯರ್‌ಬಾಕ್ ಬಡಾವಣೆಯ ದೊಡ್ಡ ಕಾರ್ಖಾನೆಯೊಂದರಲ್ಲಿ ದ್ವಾರಕನಾಥನಿಗೆ ಸಂಬಳ ಕೊಡುತ್ತಿದ್ದದ್ದು ಸಾಮಾನು ಮುರಿಯುವುದಕ್ಕೆ. ಬೇರೆಯವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ ಲೋಹದ ತುಂಡನ್ನು ತಂದು ಇವನ ಕೈಗೆ ಕೊಡುವರು. ಇವನು ಅದನ್ನು ಯಂತ್ರಕ್ಕೆ ಸಿಕ್ಕಿಸಿ ಗುಂಡಿ ಒತ್ತುವನು. ಯಂತ್ರ ಆ ತುಂಡನ್ನು ಅದುಮುವುದು, ಬಿಡುವುದು, ಅದುಮುವುದು, ಬಿಡುವುದು. ಲಕ್ಷ ಸಲ, ಹತ್ತು ಲಕ್ಷ ಸಲ, ಕೆಲವಕ್ಕೆ ಕೋಟಿ ಸಲ. ಒಂದು ದಿನ ಟಪ್ ಎಂದು ಮುರಿಯುವುದು. ಎಷ್ಟನೆಯ ಅದುಮಿಗೆ ಮುರಿಯಿತು ಎಂದು ಬರೆದಿಟ್ಟು ದ್ವಾರಕನಾಥ ಕಾಫಿಗೆ ಹೋಗುವನು. ಕಬ್ಬಿಣಕ್ಕೂ ದಣಿವಾಗುತ್ತದೆ, ಅದು ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ ಎಂಬುದು ಇಪ್ಪತ್ತೆರಡು ವರ್ಷದ ಚಾಕರಿಯಲ್ಲಿ ಅವನು ಕಲಿತ ವೇದಾಂತ. ಮುರಿಯುವುದಕ್ಕೆ ಎರಡು ದಿನ ಮುಂಚೆ ತುಂಡಿನ ಸದ್ದು ಬದಲಾಗುತ್ತದೆ. ಅದು ಅವನ ಕಿವಿಗೆ ಮಾತ್ರ ಕೇಳುತ್ತದೆ ಎಂದು ಕಾರ್ಖಾನೆಯಲ್ಲಿ ಪ್ರತೀತಿ. ಇವನು ಯಾರದಾದರೂ ಕಾರಿನಲ್ಲಿ ಕೂತು ಸುಮ್ಮನೆ ಕಿವಿಗೊಟ್ಟರೆ ಸಾಕು, ಆ ಕಾರಿನ ಯಜಮಾನ ಮಾರನೆಯ ದಿನವೇ ಅದನ್ನು ಮಾರಾಟಕ್ಕಿಡುತ್ತಿದ್ದ.

ಇಂಥವನು ಹೋಗಿ ಹೋಗಿ ಪ್ರೀತಿ ಇಟ್ಟುಕೊಂಡದ್ದು ಇನ್ನೊಬ್ಬ ಗಂಡಸಿನ ಬಲ ಮೊಣಕಾಲಿನ ಮೇಲೆ.

ಅದು ಶುರುವಾದದ್ದು ಹನ್ನೆರಡು ವರ್ಷದ ಹಿಂದೆ, ಎಸ್-ಬಾನ್ ರೈಲಿನಲ್ಲಿ. ಎದುರಿಗೆ ಕೂತಿದ್ದ ಧಡೂತಿ ಜರ್ಮನನ ಚೀಲದ ಮೇಲೆ ಎರಡು ತಲೆಯ ಹಕ್ಕಿಯ ಚಿತ್ರವಿತ್ತು. ದ್ವಾರಕನಾಥ ಮೈಸೂರಿನ ಅಗ್ರಹಾರದವನು. ಗಂಡಭೇರುಂಡ ಕಂಡರೆ ಎದ್ದು ನಿಲ್ಲುವ ವಂಶ. ಅವನ ತಾತ ಸರ್ಕಾರಿ ಬಸ್ಸಿನ ಟಿಕೆಟ್ಟಿನ ಮೇಲೆ ಗಂಡಭೇರುಂಡ ಇದೆ, ಕಾಲಡಿ ಬೀಳಬಾರದು ಎಂದು ನಲವತ್ತು ವರ್ಷದ ಟಿಕೆಟ್ಟುಗಳನ್ನೆಲ್ಲ ಟ್ರಂಕಿನಲ್ಲಿ ತುಂಬಿಟ್ಟಿದ್ದರು. ಅವರು ತೀರಿಕೊಂಡಾಗ ತಾತನನ್ನು ಎತ್ತಲು ನಾಲ್ಕು ಜನ ಸಾಕಾದರು, ಟ್ರಂಕಿಗೆ ಎಂಟು ಜನ ಬೇಕಾದರು. ಸ್ಟುಟ್‌ಗಾರ್ಟಿನಲ್ಲಿ ಒಡೆಯರ ಲಾಂಛನ ಹೊತ್ತು ತಿರುಗುವ ಈ ಪುಣ್ಯಾತ್ಮ ಯಾರು ಎಂದು ದ್ವಾರಕನಾಥ ತಾನಿಳಿಯುವ ನಿಲ್ದಾಣ ಬಿಟ್ಟು ಅವನ ಹಿಂದೆ ನಡೆದ. ಪುಣ್ಯಾತ್ಮ ಒಂದು ಕ್ರೀಡಾಂಗಣದ ಬಾಗಿಲಿಗೆ ಹೋಗಿ ನಿಂತ. ನಿಮಗೂ ಮೈಸೂರಿಗೂ ಏನು ಸಂಬಂಧ ಎಂದು ಇವನು ಕೇಳಿದ್ದಕ್ಕೆ ಆತ ಬಹಳ ಹೊತ್ತು ಯೋಚನೆ ಮಾಡಿ, ತನ್ನ ಹತ್ತಿರ ಒಂದು ಟಿಕೆಟ್ ಜಾಸ್ತಿ ಇದೆ, ಬೇಕಾ ಎಂದ.

ಹಾಗೆ ಅವನು ನೆಕ್ಕಾರ್ ಹ್ಯಾರಿಯರ್ಸ್ ತಂಡದ ಭಕ್ತನಾದದ್ದು. ಆಟ ಫುಟ್‌ಬಾಲು, ಆದರೆ ಜರ್ಮನಿಯೆಲ್ಲ ಹುಚ್ಚೆದ್ದು ನೋಡುವ ಫುಟ್‌ಬಾಲಲ್ಲ, ಅಮೆರಿಕದ್ದು. ಚೆಂಡು ಸಿಪ್ಪೆ ಸುಲಿಯದ ತೆಂಗಿನಕಾಯಿಯ ಆಕಾರದ್ದು. ಆಡುವವರು ಒಬ್ಬೊಬ್ಬರೂ ಗಾದ್ರೆಜ್ ಬೀರುವಿಗೆ ಕೈಕಾಲು ಬಂದ ಹಾಗೆ. ಕಾಲಿನಿಂದ ಒದೆಯುವುದು ಅಪರೂಪಕ್ಕೆ ಒಂದು ಸಲ. ಮಿಕ್ಕ ಹೊತ್ತೆಲ್ಲ ಒಬ್ಬರ ಮೇಲೊಬ್ಬರು ಬೀಳುವುದು. ಹಕ್ಕಿಗೆ ಎರಡು ತಲೆ ಬಂದ ಕಥೆ ದ್ವಾರಕನಾಥನಿಗೆ ಗೊತ್ತಾದದ್ದು ಆರು ವರ್ಷದ ಮೇಲೆ. ಅದು ಗಂಡಭೇರುಂಡವಲ್ಲ, ಹ್ಯಾರಿಯರ್ ಎಂಬ ಒಂದು ಜಾತಿಯ ಗಿಡುಗ. ಮೊದಲು ಒಂದೇ ತಲೆಯಿತ್ತು. ತಂಡಕ್ಕೆ ದುಡ್ಡು ಹಾಕುತ್ತಿದ್ದವರು ಇಬ್ಬರು, ಒಬ್ಬ ಕಿಟಕಿ ಮಾಡುವವನು, ಇನ್ನೊಬ್ಬ ಸಾಸೇಜ್ ಮಾಡುವವನು. ಹಕ್ಕಿ ತನ್ನ ಹೆಸರಿನ ಕಡೆಗೇ ಮುಖ ಮಾಡಬೇಕೆಂದು ಇಬ್ಬರೂ ಹಟ ಹಿಡಿದು ಕೊನೆಗೆ ಆಳಿಗೊಂದು ತಲೆ ಎಂದು ಪಂಚಾಯ್ತಿಯಾಗಿತ್ತು. ಇದನ್ನು ತಿಳಿದ ದಿನ ದ್ವಾರಕನಾಥ ಊಟ ಬಿಟ್ಟ. ಆದರೆ ತಂಡ ಬಿಡಲಿಲ್ಲ. ಅಷ್ಟು ಹೊತ್ತಿಗೆ ತಾಳಿ ಕಟ್ಟಿ ಆಗಿಹೋಗಿತ್ತು, ಇನ್ನು ಜಾತಕ ನೋಡಿ ಏನು ಪ್ರಯೋಜನ.

ತಂಡ ಸಂಬಳಕ್ಕೆ ಆಡುವ ತಂಡವೇ. ಆದರೆ ಆ ಸಂಬಳದಲ್ಲಿ ಆಟಗಾರನ ಬೂಟಿನ ದಾರ ಬಂದರೆ ಬೂಟು ಬರುವುದಿಲ್ಲ. ಸೋಲುವುದರಲ್ಲಿ ಮಾತ್ರ ಅವರು ಯಾವತ್ತೂ ಮೋಸ ಮಾಡಿದವರಲ್ಲ. ಹನ್ನೆರಡು ವರ್ಷದಲ್ಲಿ ಎಂದಾದರೂ ಪಟ್ಟಿಯ ತಳದಿಂದ ಮೂರನೆಯ ಸ್ಥಾನಕ್ಕಿಂತ ಮೇಲೆ ಕಂಡಿದ್ದರೆ ಅದು ಪತ್ರಿಕೆಯವರ ಅಚ್ಚಿನ ದೋಷ. ಅಂಥ ತಂಡಕ್ಕೆ ಒಬ್ಬನೇ ದಿಕ್ಕು, ಡೆಲ್ ಮೆರಿಕ್. ನೆಬ್ರಾಸ್ಕದವನು. ಒಂದು ವರ್ಷಕ್ಕೆಂದು ಬಂದವನು ಹನ್ನೆರಡು ವರ್ಷ ಉಳಿದ. ವಾರದ ದಿನ ಸ್ಕೂಲಿನಲ್ಲಿ ಮಕ್ಕಳಿಗೆ ಕಸರತ್ತು ಹೇಳಿಕೊಡುತ್ತಿದ್ದ, ಶನಿವಾರ ಹ್ಯಾರಿಯರ್ಸಿನ ಕ್ವಾರ್ಟರ್‌ಬ್ಯಾಕ್.

ಈ ಕ್ವಾರ್ಟರ್‌ಬ್ಯಾಕ್ ಎಂದರೆ ಏನು ಎಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೈಸರ್ ಒಂದು ಸಲ ಕೇಳಿದ್ದ. ಕೈಸರ್ ಮೈಸೂರಿನ ಮಂಡಿ ಮೊಹಲ್ಲಾದವನು, ಪಕ್ಕದ ವಿಭಾಗದ ಎಂಜಿನಿಯರು, ದ್ವಾರಕನಾಥನ ಮೂವತ್ತು ವರ್ಷದ ಗೆಳೆಯ. ನೂರು ವರ್ಷದ ಹಿಂದೆ ಒಬ್ಬ ಕೈಸರ್ ಚಕ್ರವರ್ತಿಯನ್ನು ಓಡಿಸಿದ ದೇಶ ತನಗೆ ಕಾಯಂ ವಾಸದ ಪರವಾನಗಿ ಕೊಟ್ಟಿದೆಯೆಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುವ ಆಸಾಮಿ.

"ಸಾರಥಿ ಕಣೋ," ಎಂದು ದ್ವಾರಕನಾಥ ವಿವರಿಸಿದ. "ಚೆಂಡು ಮೊದಲು ಅವನ ಕೈಗೇ ಬರೋದು. ಯಾರಿಗೆ ಎಸೀಬೇಕು, ಯಾರು ಎತ್ತ ಓಡಬೇಕು, ಎಲ್ಲಾ ಅವನೇ ಹೇಳೋದು."

"ಮತ್ತೆ ಆ ಕಡೆಯೋರು ಏನ್ಮಾಡ್ತಾರೆ?"

"ಅವನ ಮೇಲೆ ಬೀಳ್ತಾರೆ."

"ಎಷ್ಟು ಜನ?"

"ಬಿಡುವಿದ್ದೋರೆಲ್ಲ."

ಕೈಸರ್ ತಟ್ಟೆ ಪಕ್ಕಕ್ಕೆ ಸರಿಸಿ, ಇದು ನಿನ್ನ ಮಿಷನ್ನೇ ಅಲ್ಲವೇನೋ, ಇಲ್ಲಿ ಕಬ್ಬಿಣ ಹಾಕ್ತೀಯ, ಅಲ್ಲಿ ಮನುಷ್ಯನ್ನ ಹಾಕ್ತಾರೆ ಎಂದ. ತಮಾಷೆಗೆ ಆಡಿದ ಮಾತು. ದ್ವಾರಕನಾಥನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅವನು ಮೆರಿಕ್‌ನ ಜೊತೆ ಒಂದು ಮಾತನ್ನೂ ಆಡಿದವನಲ್ಲ. ಏಳನೆಯ ವರ್ಷ ಒಂದು ಸಲ ಮೆರಿಕ್ ಇವನ ಕಡೆ ಕೈ ಬೀಸಿದ್ದ. ಹಿಂದೆ ಬಿಯರ್ ಮಾರುವವನೂ ನಿಂತಿದ್ದ, ಅವನಿಗೇ ಬೀಸಿರಬಹುದು. ದ್ವಾರಕನಾಥ ಆ ತಗಾದೆಗೆ ಹೋಗದೆ ತನಗೇ ಎಂದು ಇಟ್ಟುಕೊಂಡ. ಅದಕ್ಕೆ ಪ್ರತಿಯಾಗಿ ಅವನು ಮಾಡುತ್ತಿದ್ದ ಸೇವೆ ಒಂದೇ, ಸಿ ಬ್ಲಾಕು, ಹನ್ನೊಂದನೆಯ ಸಾಲು, ಎಂಟನೆಯ ಸೀಟಿನಲ್ಲಿ ಅಲುಗದೆ ಕೂರುವುದು. ಇದು ಅವನು ಊರಿಂದ ತಂದ ಶಾಸ್ತ್ರ. ಅವನ ಮನೆಯಲ್ಲಿ ಕ್ರಿಕೆಟ್ ಕಾಮೆಂಟರಿ ನಡೆಯುವಾಗ ಯಾರೂ ಜಾಗ ಬಿಟ್ಟು ಏಳುವಂತಿರಲಿಲ್ಲ. ಎದ್ದರೆ ವಿಕೆಟ್ ಬೀಳುತ್ತದೆ. ಚಿಕ್ಕಪ್ಪನೊಬ್ಬ ನೀರು ಕುಡಿಯಲು ಎದ್ದು ಭಾರತ ಸೋತುಹೋಗಿ, ಆಮೇಲೆ ಆ ಚಿಕ್ಕಪ್ಪನಿಗೆ ಹೆಣ್ಣು ಹುಡುಕಲೂ ಮನೆಯವರು ಮನಸ್ಸು ಮಾಡಿರಲಿಲ್ಲ. ಹ್ಯಾರಿಯರ್ಸ್‌ಗೆ ಅಂಟಿದ ಎರಡನೆಯ ವರ್ಷ ದ್ವಾರಕನಾಥ ಮೈಮರೆತು ಕಾಫಿಗೆ ಎದ್ದ ಅದೇ ನಿಮಿಷದಲ್ಲಿ ಮೆರಿಕ್‌ನ ಎರಡು ಪಕ್ಕೆಲುಬು ಮುರಿದವು. ಸಾಕಲ್ಲ. ಅಂದಿನಿಂದ ಪಂದ್ಯದ ದಿನ ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿಯದೆ ಬಂದು, ಮೂರು ಮೂರೂವರೆ ಗಂಟೆ ಹೂತಿಟ್ಟ ಕಲ್ಲಿನ ಹಾಗೆ ಕೂರುವನು. ಪಕ್ಕದವರು ಎದ್ದು ಚಪ್ಪಾಳೆ ತಟ್ಟಿದರೆ ಇವನು ಕೂತೇ ತಟ್ಟುವನು. ರಾಷ್ಟ್ರಗೀತೆಗೆ ಮಾತ್ರ ತಾಪತ್ರಯವಾಗುತ್ತಿತ್ತು. ಅದು ಮುಗಿದ ಮೇಲೇ ಒಳಕ್ಕೆ ಬಂದು ಕೂತುಬಿಡುವನು.

ಹನ್ನೆರಡನೆಯ ವರ್ಷ, ಮೇ ತಿಂಗಳ ಮೊದಲ ಪಂದ್ಯದಲ್ಲಿ ಅವನಿಗೆ ಸದ್ದು ಕೇಳಿಸಿತು. ಅಂದರೆ ಅಷ್ಟು ದೂರಕ್ಕೆ ಕೇಳಿಸುವಂಥದ್ದೇನಲ್ಲ; ಕಂಡಿತು ಅನ್ನಿ. ಮೆರಿಕ್ ಚೆಂಡೆಸೆಯಲು ಬಲಗಾಲನ್ನು ಹಿಂದಕ್ಕೆ ಊರಿದಾಗ ಆ ಮೊಣಕಾಲು ಕಣ್ಣು ಮಿಟುಕಿಸುವಷ್ಟು ಹೊತ್ತು ಯೋಚನೆ ಮಾಡಿ ಆಮೇಲೆ ಭಾರ ಹೊತ್ತಿತು. ಬೇರೆ ಯಾರಿಗೂ ಕಂಡಿರಲಿಕ್ಕಿಲ್ಲ. ಮುರಿಯುವುದಕ್ಕೆ ಮುಂಚಿನ ಸದ್ದು ಅದೇ. ಮೆರಿಕ್‌ಗೆ ಆಗ ನಲವತ್ತೊಂದು. ಜುಲೈನಲ್ಲಿ ಅವನು ಇದೇ ತನ್ನ ಕೊನೆಯ ವರ್ಷ, ಅಕ್ಟೋಬರಿನ ತವರಿನ ಪಂದ್ಯ ಆಡಿ ನಿಲ್ಲಿಸುತ್ತೇನೆ ಎಂದು ಪತ್ರಿಕೆಗೆ ಹೇಳಿದ.

ಅಲ್ಲಿಂದ ಮುಂದೆ ದ್ವಾರಕನಾಥ ಗೆಲುವಿನ ಆಸೆ ಬಿಟ್ಟುಬಿಟ್ಟ. ಮೊದಲೂ ಹೆಚ್ಚು ಇರಲಿಲ್ಲ ಅನ್ನುವುದು ಬೇರೆ. ಉಳಿದದ್ದು ಒಂದೇ: ಆ ಮನುಷ್ಯ ಕೊನೆಯ ಪಂದ್ಯ ಆಡಿ, ತನ್ನ ಕಾಲ ಮೇಲೆ ತಾನು ನಡೆದುಕೊಂಡು ಮೈದಾನದಿಂದ ಹೊರಗೆ ಹೋಗಬೇಕು. ಯಾರೂ ಹೊತ್ತುಕೊಂಡು ಹೋಗಬಾರದು. ಅಷ್ಟೆ. ಅದಕ್ಕಾಗಿ ಅವನು ಕ್ಲಬ್ಬಿಗೆ ಜರ್ಮನ್‌ನಲ್ಲಿ ಹನ್ನೊಂದು ಪುಟದ ವರದಿ ಬರೆದ. ಮೆರಿಕ್ ಹನ್ನೆರಡು ವರ್ಷದಲ್ಲಿ ನೆಲಕ್ಕೆ ಬಿದ್ದದ್ದು ನಾನೂರ ಹದಿನಾರು ಸಲ, ಅದರಲ್ಲಿ ಬಲಕ್ಕೆ ಬಿದ್ದದ್ದು ಇಷ್ಟು, ಬಿದ್ದಾಗ ಮೇಲಿದ್ದ ತೂಕ ಸರಾಸರಿ ಇಷ್ಟು, ಆದ್ದರಿಂದ ದಯವಿಟ್ಟು ಸೆಪ್ಟೆಂಬರ್ ಪೂರ್ತಿ ಅವರನ್ನು ಆಡಿಸದೆ ಕೂರಿಸಿ ಎಂದು ನಕ್ಷೆ ಸಮೇತ. ಕ್ಲಬ್ಬಿನಿಂದ ಉತ್ತರ ಬಂತು. ನಿಮ್ಮ ಅಭಿಮಾನಕ್ಕೆ ಧನ್ಯವಾದ ಎಂದು ಬರೆದು, ಮುಂದಿನ ವರ್ಷದ ಸೀಸನ್ ಟಿಕೆಟ್ಟಿನ ಅರ್ಜಿ ಇಟ್ಟು ಕಳಿಸಿದ್ದರು. ಮೆರಿಕ್ ಸೆಪ್ಟೆಂಬರಿನಲ್ಲಿ ಇನ್ನೂ ಇಪ್ಪತ್ತೆರಡು ಸಲ ಬಿದ್ದ.

ಕೊನೆಯ ಪಂದ್ಯ ಶನಿವಾರ. ಆಯುಧಪೂಜೆ ಅದರ ಹಿಂದಿನ ದಿನ.

ಶುಕ್ರವಾರ ಸಂಜೆ ಅವನ ಹೆಂಡತಿ ಪ್ರೇಮಕುಮಾರಿ ಕಾರು, ಎರಡು ಲ್ಯಾಪ್‌ಟಾಪು, ವ್ಯಾಕ್ಯೂಮ್ ಕ್ಲೀನರು, ಮಗಳ ಸೈಕಲ್ಲು ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟಳು. ಗಂಡ ಮಾತ್ರ ಸೋಫಾದ ಮೇಲೆ ಸೂತಕದ ಮನೆಯವನ ಹಾಗೆ ಕೂತಿದ್ದ. ಅವಳಿಗೆ ಆ ಆಟದ ತಲೆಬುಡ ತಿಳಿಯದು. ಗಂಡ ಹನ್ನೆರಡು ವರ್ಷದಿಂದ ಇನ್ನೊಬ್ಬರ ಮಂಡಿಗೆ ಮರುಗುತ್ತಾನೆ, ತನ್ನ ಸೊಂಟನೋವಿಗೆ ಒಂದು ದಿನವೂ ನಕ್ಷೆ ಬರೆದವನಲ್ಲ ಎಂಬುದು ಮಾತ್ರ ತಿಳಿದಿತ್ತು. ಆದರೂ ಕನಿಕರ ಬಂತು.

"ರೀ, ಅಷ್ಟು ಜನ ಕಣ್ಣು ಹಾಕ್ತಾರಲ್ಲ, ಯಾರಾದರೂ ದೃಷ್ಟಿ ತೆಗೆದಿದಾರಾ ಅವರಿಗೆ?" ಎಂದಳು.

ದ್ವಾರಕನಾಥ ತಲೆ ಎತ್ತಿದ. ಇಪ್ಪತ್ತೆರಡು ವರ್ಷ ಚಾಕರಿ ಮಾಡಿದ ಎಂಜಿನಿಯರ್‌ಗೆ, ನಾನೂರ ಮೂವತ್ತೆಂಟು ಬೀಳುವಿಕೆಯ ಲೆಕ್ಕ ಇಟ್ಟವನಿಗೆ, ಇದು ಹೊಳೆದೇ ಇರಲಿಲ್ಲ. ವರದಿ ಆಗಿತ್ತು, ನಕ್ಷೆ ಆಗಿತ್ತು. ಮಾಡಬಹುದಾದದ್ದು ಇದೊಂದೇ ಬಾಕಿ.

ಬೂದುಗುಂಬಳಕಾಯಿ ಸ್ಟುಟ್‌ಗಾರ್ಟಿನ ಸುತ್ತಿನ ಸ್ವಾಬಿಯ ಸೀಮೆಯಲ್ಲಿ ಎಲ್ಲಿಂದ ಬರಬೇಕು. ರೈತರು ರಸ್ತೆ ಬದಿಯಲ್ಲಿ ಮೇಜು ಹಾಕಿ, ಕೆಂಪು ಕುಂಬಳಕಾಯಿ ಗುಡ್ಡೆ ಮಾಡಿ, ದುಡ್ಡು ಹಾಕಲು ಒಂದು ಡಬ್ಬ ಇಟ್ಟು ಮನೆಗೆ ಹೋಗಿರುತ್ತಾರಲ್ಲ, ಅಲ್ಲಿಂದ ಒಂದನ್ನು ತಂದಾಯಿತು. ಪ್ರೇಮಕುಮಾರಿ ಅದರ ತಲೆ ಕೊಯ್ದು ಕುಂಕುಮ ತುಂಬಿದಳು. ನಾಣ್ಯ ಹಾಕಬೇಕು. ದ್ವಾರಕನಾಥ ಎರಡು ಯೂರೋ ತೆಗೆದುಕೊಟ್ಟ. ನಮ್ಮ ದೇವರಿಗೆ ಯೂರೋ ಏನು ಗೊತ್ತು ಎಂದು ಅವಳು ದೇವರ ಪೆಟ್ಟಿಗೆಯಿಂದ ಒಂದು ರೂಪಾಯಿಯ ನಾಣ್ಯ ಹುಡುಕಿ ಹಾಕಿದಳು. ಒಡೆದ ಮೇಲೆ ಆ ನಾಣ್ಯವನ್ನು ಯಾರೂ ಎತ್ತಿಕೊಳ್ಳಬಾರದು, ಎತ್ತಿ ಜೇಬಿಗೆ ಹಾಕಿಕೊಂಡವರಿಗೆ ಆ ದೃಷ್ಟಿಯೆಲ್ಲ ಅಂಟಿಕೊಳ್ಳುತ್ತೆ, ತುಂಡುಗಳ ಜೊತೆ ಗುಡಿಸಿ ಹಾಕಿಬಿಡಿ ಎಂದು ಎರಡೆರಡು ಸಲ ಹೇಳಿದಳು. ಹದಿನೈದು ವರ್ಷದ ಮಗಳು ಕೀರ್ತಿ ಫೋನಿನಿಂದ ಕಣ್ಣೆತ್ತದೆ, "ಪಪ್ಪಾ, ಬಿಟ್ಟೆ ನಿಷ್ಟ್," ಎಂದಳು. ಬೇಡ ದಯವಿಟ್ಟು, ಎಂದು ಅರ್ಥ. ಮನೆಯಲ್ಲಿ ಅಂದು ವಿವೇಕ ಮಾತಾಡಿದ್ದು ಜರ್ಮನ್‌ನಲ್ಲಿ, ಆದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಶನಿವಾರ ಮಧ್ಯಾಹ್ನ ದ್ವಾರಕನಾಥ ಕೈಸರನನ್ನು ಜೊತೆಗೆ ಹೊರಡಿಸಿಕೊಂಡು ಕ್ರೀಡಾಂಗಣದ ಮೂರನೆಯ ಗೇಟಿಗೆ ಬಂದ. ಹನ್ನೆರಡು ವರ್ಷದಿಂದ ಅವನು ನೋಡಿದ್ದ: ಆಟಗಾರರ ಬಸ್ಸು ಆ ಗೇಟಿನಿಂದ ನೇರ ಒಳಕ್ಕೆ ಹೋಗುತ್ತದೆ. ಹೊಸ ಗಾಡಿಗೆ ನಿಂಬೆಹಣ್ಣು ಇಟ್ಟ ಹಾಗೆ, ಒಡೆದ ಕುಂಬಳಕಾಯಿಯ ಮೇಲೆ ಬಸ್ಸಿನ ಚಕ್ರ ಹತ್ತಿಹೋದರೆ ಆಯಿತು. ಆ ವಾರ ಕಟ್ಟಡದ ಮೆಟ್ಟಿಲು ಗುಡಿಸುವ ಸರದಿ ಅವರ ಮನೆಯದೇ. ಆ ಊರಿನಲ್ಲಿ ಮನೆಮನೆಗೂ ಸರದಿ ಇರುತ್ತದೆ, ತಪ್ಪಿಸಿದರೆ ನೆರೆಯವರು ಮೂರು ತಲೆಮಾರು ಮಾತಾಡಿಸುವುದಿಲ್ಲ. ಹಾಗಾಗಿ ಹೊಸದಾಗಿ ಕೊಂಡ ಪೊರಕೆ ಕಾರಿನಲ್ಲೇ ಇತ್ತು. ಕಸದ ಚೀಲವೂ ತಂದಿದ್ದ.

ಗೇಟಿನ ಮೇಲೆ ಮೆರಿಕ್‌ನ ಆಳೆತ್ತರದ ಚಿತ್ರ ಕಟ್ಟಿ 'ಡಾಂಕೆ, ಡೆಲ್', ಅಂದರೆ ಧನ್ಯವಾದ ಡೆಲ್, ಎಂದು ಬರೆದಿದ್ದರು. ದ್ವಾರಕನಾಥ ಕುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ ಆ ಚಿತ್ರಕ್ಕೆ ಮೂರು ಸುತ್ತು ನಿವಾಳಿಸಿದ. ಕಿತ್ತಳೆ ಜಾಕೀಟಿನ ಕಾವಲಿನವನು ಓಡಿಬಂದ. ಇದು ಧರ್ಮದ ವಿಷಯ ಎಂದು ಕೈಸರ್ ಗಂಭೀರವಾಗಿ ಹೇಳಿದ. ಕಾವಲಿನವನು ಧರ್ಮದ ಬಗ್ಗೆ ಏನೂ ಕೇಳಲಿಲ್ಲ, ಗುಡಿಸುವವರು ಯಾರು ಎಂದು ಕೇಳಿದ. ದ್ವಾರಕನಾಥ ಪೊರಕೆ ತೋರಿಸಿದ. ಅವನಿಗೆ ಪರಮ ಸಮಾಧಾನವಾಗಿ, ಬೆಂಕಿ ಆರಿಸಿ ಎಂದಷ್ಟೇ ಹೇಳಿ ಹೋದ. ದ್ವಾರಕನಾಥ ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಕಲ್ಲುಹಾಸಿನ ಮೇಲೆ ಅಪ್ಪಳಿಸಿದ. ಕೆಂಪು ತಿರುಳು, ಕೆಂಪು ಕುಂಕುಮ, ಬೀಜ, ಲೋಳೆ. ಜೀವಮಾನದಲ್ಲಿ ಮುರಿದ ಸಾವಿರಾರು ವಸ್ತುಗಳಲ್ಲಿ ಇಷ್ಟು ಮನಸಾರೆ ಮುರಿದದ್ದು ಬೇರೊಂದಿಲ್ಲ.

ಬಸ್ಸು ಬಂತು. ಗೇಟಿನ ಮುಂದೆ, ಇಪ್ಪತ್ತು ಹೆಜ್ಜೆ ದೂರದಲ್ಲಿ, ನಿಂತುಬಿಟ್ಟಿತು. ಬೀಳ್ಕೊಡುಗೆಯ ದಿನ, ಮೆರಿಕ್ ಹೊರಗೇ ಇಳಿದು, ಎರಡೂ ಕಡೆ ನಿಂತ ಅಭಿಮಾನಿಗಳ ಕೈಕುಲುಕುತ್ತ ನಡೆದು ಒಳಗೆ ಹೋಗಬೇಕೆಂದು ಯಾರೋ ಪುಣ್ಯಾತ್ಮರು ಏರ್ಪಾಟು ಮಾಡಿದ್ದರು.

ಮೈಸೂರಿನಲ್ಲಿ ಹುಟ್ಟಿದ ಎಳೆಮಗುವಿಗೂ ಗೊತ್ತು, ಆಯುಧಪೂಜೆಯ ಮಾರನೆಯ ದಿನ ರಸ್ತೆಯಲ್ಲಿ ಏನಾಗುತ್ತದೆ ಎಂದು. ಒಡೆದ ಕುಂಬಳಕಾಯಿಯ ಮೇಲೆ ಸ್ಕೂಟರು ಜಾರದ ಸರ್ಕಲ್ಲಿಲ್ಲ. ದ್ವಾರಕನಾಥನೇ ಕಾಲೇಜಿನ ದಿನಗಳಲ್ಲಿ ಕೈಸರನನ್ನು ಹಿಂದೆ ಕೂರಿಸಿಕೊಂಡು ಬಿದ್ದು ಮೊಣಕೈ ಸುಲಿಸಿಕೊಂಡಿದ್ದ. ಅದೆಲ್ಲ ಆ ಇಪ್ಪತ್ತು ಹೆಜ್ಜೆಯಲ್ಲಿ ಅವನಿಗೆ ನೆನಪಾಯಿತು. ಪೊರಕೆ ಹಿಡಿದು ನುಗ್ಗಿದ. ಕಾವಲಿನವನು ಕೈ ಅಡ್ಡ ಹಿಡಿದು, ಗುಡಿಸುವುದು ಆಮೇಲೆ, ಮೊದಲು ಆಟಗಾರರು ಹೋಗಲಿ ಎಂದ. ದ್ವಾರಕನಾಥನ ಜರ್ಮನ್ ಅವಸರಕ್ಕೆ ಒದಗುವಂಥದ್ದಲ್ಲ. ಕುಂಬಳಕಾಯಿ ಗಂಡೋ ಹೆಣ್ಣೋ ಎಂದು ಮೊದಲು ತೀರ್ಮಾನವಾಗಬೇಕಾದ ಭಾಷೆಯಲ್ಲಿ ಯಾರನ್ನಾದರೂ ಉಳಿಸುವುದು ಹೇಗೆ. ಅವನು ವಾಕ್ಯದ ಮಧ್ಯದಲ್ಲಿರುವಾಗಲೇ, ಎಡಗಡೆಯ ಮಗುವೊಂದರ ಕೈಕುಲುಕುತ್ತಿದ್ದ ಮೆರಿಕ್‌ನ ಬಲಗಾಲು ಲೋಳೆಯ ಮೇಲೆ ಬಿತ್ತು.

ನೂರ ಹತ್ತು ಕಿಲೋ ಆಳು. ಒಂದು ಕಾಲು ಗೇಟಿಗೆ, ಇನ್ನೊಂದು ಬಸ್ಸಿಗೆ ಹೋದ ಹಾಗೆ ಹೋಗಿ ಧೊಪ್ಪನೆ ಕೂತ. ಜನ ಹೋ ಎಂದರು. ಅವನು ಕೈ ಮೇಲೆತ್ತಿ ನಕ್ಕ, ಜನರೂ ನಕ್ಕರು. ಎದ್ದ. ಬೂಟಿಗೆ ಅಂಟಿದ ಏನನ್ನೋ ಕಿತ್ತು ನೋಡಿ ಜೇಬಿಗೆ ಹಾಕಿಕೊಂಡು, ಬಲಗಾಲನ್ನು ಸ್ವಲ್ಪ ಎಳೆಯುತ್ತ ಒಳಗೆ ಹೋದ. ನಾನೂರ ಮೂವತ್ತೊಂಬತ್ತು ಎಂದು ದ್ವಾರಕನಾಥನ ತಲೆಯೊಳಗೆ ಲೆಕ್ಕದವನು ಬರೆದುಕೊಂಡ.

ಅವನು ಆ ಜಾಗವನ್ನು ಕಲ್ಲು ಸವೆಯುವಷ್ಟು ಗುಡಿಸಿದ. ನಾಣ್ಯ ಸಿಗಲಿಲ್ಲ. ಕೈಸರ್ ಏನೂ ಮಾತಾಡದೆ ಚೀಲ ಹಿಡಿದುಕೊಂಡು ನಿಂತಿದ್ದ. ಕೈಸರ್ ಮಾತಾಡದೆ ನಿಂತದ್ದು ಅವನ ನಿಕಾಹ್ ಬಿಟ್ಟರೆ ಅದೇ.

ಪಂದ್ಯ ಶುರುವಾಯಿತು. ಮೆರಿಕ್ ಬಲ ಮೊಣಕಾಲಿಗೆ ಬಿಳಿ ಪಟ್ಟಿ ಸುತ್ತಿಕೊಂಡು ಬಂದ. ಓಡಿ ತಪ್ಪಿಸಿಕೊಳ್ಳುವುದು ಅವನ ಕೈಲಿ ಆಗದು ಎನ್ನುವುದು ಎರಡೇ ನಿಮಿಷದಲ್ಲಿ ಎದುರಿನವರಿಗೆ ತಿಳಿದುಹೋಯಿತು. ಅಲ್ಲಿಂದ ಬೀರುಗಳು ಒಂದರ ಮೇಲೊಂದು ಬಿದ್ದವು. ದ್ವಾರಕನಾಥ ಎಂಟನೆಯ ಸೀಟಿನಲ್ಲಿ ಎರಡೂ ಕೈಯಿಂದ ತನ್ನ ತೊಡೆಗಳನ್ನು ಹಿಡಿದುಕೊಂಡು ಕೂತಿದ್ದ. ಏಳಲೋ ಬೇಡವೋ. ಎದ್ದರೆ ಅವನಿಗೆ ಏಟಾಗುತ್ತದೆ, ಅದು ಶಾಸ್ತ್ರ. ಕೂತಿದ್ದರೂ ಆಗುತ್ತಿದೆ, ಇದು ಕಣ್ಣೆದುರಿಗೆ. ಹೋಗಿ ಯಾರಿಗಾದರೂ ಹೇಳಬೇಕು. ಯಾರಿಗೆ, ಏನೆಂದು? ಅರ್ಧ ಪಂದ್ಯಕ್ಕೆ ಹ್ಯಾರಿಯರ್ಸ್ ಮೂರು, ಎದುರಿನವರು ಇಪ್ಪತ್ತನಾಲ್ಕು. ಕೈಸರ್ ನೀರಿನ ಬಾಟಲಿ ಚಾಚಿದ. ಇವನು ಮುಟ್ಟಲಿಲ್ಲ.

"ನೀನು ಒಡೀದಿದ್ರೂ ಅವರು ಅವನನ್ನ ಒಡೀತಿದ್ರು ಕಣೋ," ಎಂದ ಕೈಸರ್, ಬಹಳ ಮೆಲ್ಲಗೆ.

"ಅವರು ಒಡೆದಿದ್ರೆ ಅವರ ಪಾಪ."

ಮುಗಿಯಲು ಐದು ನಿಮಿಷ ಇರುವಾಗ ಮೆರಿಕ್ ಚೆಂಡೆಸೆಯಲು ಬಲಗಾಲು ಹಿಂದಕ್ಕಿಟ್ಟ. ಮೊಣಕಾಲು ಈ ಸಲ ಯೋಚನೆ ಮಾಡಲಿಲ್ಲ. ಯಾರೂ ಮುಟ್ಟುವ ಮೊದಲೇ, ಚೆಂಡು ಕೈಯಲ್ಲಿರುವಾಗಲೇ, ಆ ಮನುಷ್ಯ ಇದ್ದ ಜಾಗದಲ್ಲೇ ಮಡಚಿಕೊಂಡ. ಇಬ್ಬರು ಬಂದು ಅವನ ತೋಳುಗಳನ್ನು ತಮ್ಮ ಹೆಗಲಿಗೆ ಹಾಕಿಕೊಂಡರು. ಬಲಗಾಲು ನೆಲ ಮುಟ್ಟದಂತೆ ಹೊರಗೆ ಕರೆದುಕೊಂಡು ಹೋದರು. ಆರು ಸಾವಿರ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದ್ವಾರಕನಾಥ ಕೂತೇ ಇದ್ದ. ಅವನು ಬೇಡಿದ್ದು ಒಂದೇ ಒಂದು. ಅದು ಅವನ ಕಣ್ಣ ಮುಂದೆ ಇಬ್ಬರ ಹೆಗಲ ಮೇಲೆ ಹೋಯಿತು.

ಪಂದ್ಯ ಮುಗಿದ ಮೇಲೂ ಅವನು ಏಳಲಿಲ್ಲ. ಆಟಗಾರರು ಮೈದಾನದ ಸುತ್ತ ಬಂದು ಮುಂದಿನ ಸಾಲಿನವರ ಕೈ ಮುಟ್ಟುವ ಪದ್ಧತಿ ಅಲ್ಲಿತ್ತು. ಮೆರಿಕ್‌ನನ್ನು ಹುಲ್ಲು ಕತ್ತರಿಸುವವರ ಪುಟ್ಟ ಬ್ಯಾಟರಿ ಗಾಡಿಯಲ್ಲಿ ಕಾಲು ಚಾಚಿ ಕೂರಿಸಿಕೊಂಡು ಸುತ್ತು ತಂದರು. ಸಿ ಬ್ಲಾಕಿನ ಮುಂದೆ ಅವನು ಗಾಡಿ ನಿಲ್ಲಿಸಿ ಮೇಲಕ್ಕೆ ನೋಡಿದ. ಹನ್ನೊಂದನೆಯ ಸಾಲಿನ ಕಡೆ ಬೆರಳು ಮಾಡಿ ಕರೆದ. ದ್ವಾರಕನಾಥ ಹಿಂದೆ ತಿರುಗಿ ಬಿಯರ್ ಮಾರುವವನನ್ನು ಹುಡುಕಿದ. ಅವನಿರಲಿಲ್ಲ.

ಎದ್ದ. ಹತ್ತು ಮೆಟ್ಟಿಲು ಇಳಿದ. ಮೆರಿಕ್‌ನ ಕಣ್ಣು ಅಗಲವಾಯಿತು.

"ನಿಮಗೆ ನಡೆಯೋಕೆ ಬರುತ್ತಾ!" ಎಂದ ಇಂಗ್ಲಿಷಿನಲ್ಲಿ. "ಇಷ್ಟು ವರ್ಷದಲ್ಲಿ ನೀವು ಒಂದು ಸಲಾನೂ ಎದ್ದದ್ದು ನೋಡಿಲ್ಲ. ನಮ್ಮ ತಂಡದಲ್ಲಿ ಎಲ್ಲರೂ ನಿಮಗೆ ಕಾಲಿಲ್ಲ ಅಂತಲೇ ತಿಳಿದಿದ್ದೆವು. ಕಾಲಿಲ್ಲದ ಮನುಷ್ಯ ಇಷ್ಟು ಕಷ್ಟಪಟ್ಟು ಬರ್ತಾನೆ, ನಾವು ಏಳೋಕೆ ಏನು ಕಷ್ಟ ಅಂತ ಅಂದುಕೊಳ್ತಿದ್ದೆವು."

ಮೆರಿಕ್ ಜೇಬಿಗೆ ಕೈಹಾಕಿ ಒಂದು ನಾಣ್ಯ ತೆಗೆದು ಅಂಗೈಯಲ್ಲಿ ಹಿಡಿದ. ಒಂದು ರೂಪಾಯಿ. ಸಿಂಹಗಳ ಮುಖಕ್ಕೆಲ್ಲ ಕುಂಕುಮ. ಬೂಟಿಗೆ ಅಂಟಿತ್ತು, ಇಂಡಿಯಾದ್ದು ಅಂತ ಬರೆದಿದೆ, ಇಲ್ಲಿ ಇಂಡಿಯಾದವರು ನೀವಿಬ್ಬರೇ ಕಾಣ್ತೀರಿ, ನಿಮ್ಮದಾ ಎಂದು ಕೇಳಿದ.

ಸುಳ್ಳು ಹೇಳಬಹುದಿತ್ತು. ದ್ವಾರಕನಾಥ ಕುಂಬಳಕಾಯಿ ನನ್ನದೇ ಎಂದ. ನಿಮಗೆ ಏನೂ ಆಗದಿರಲಿ ಎಂದು ಒಡೆದದ್ದು ಎಂದ. ಹೇಳುತ್ತಿರುವಾಗಲೇ ಅದು ಎಷ್ಟು ಅಸಂಬದ್ಧವಾಗಿ ಕೇಳುತ್ತಿದೆಯೆಂದು ಅವನಿಗೇ ತಿಳಿಯುತ್ತಿತ್ತು.

ಮೆರಿಕ್ ನಕ್ಕ. ಈ ಮೊಣಕಾಲು ಏಪ್ರಿಲ್‌ನಲ್ಲೇ ಹೋಗಿತ್ತು, ಡಾಕ್ಟರು ಆಡಲೇಬೇಡ ಅಂದಿದ್ದರು, ಒಣ ರಸ್ತೆಯ ಮೇಲೂ ನಾನು ಬೀಳ್ತಿದ್ದೆ, ನಿಮ್ಮ ಕುಂಬಳಕಾಯಿಗೆ ಅಷ್ಟೆಲ್ಲ ದೊಡ್ಡಸ್ತಿಕೆ ಕೊಡಬೇಡಿ ಎಂದ. ಸಮಾಧಾನಕ್ಕೇ ಹೇಳಿದ್ದು. ದ್ವಾರಕನಾಥನಿಗೂ ಅದು ಮೇ ತಿಂಗಳಿಂದ ಗೊತ್ತಿದ್ದದ್ದೇ. ಆದರೂ ಎದೆ ಹಗುರವಾಗಲಿಲ್ಲ. ತಾನು ಅವನನ್ನು ಕಾಪಾಡುವುದಕ್ಕೂ ಲಾಯಕ್ಕಿಲ್ಲ, ಕೆಡಿಸುವುದಕ್ಕೂ ಲಾಯಕ್ಕಿಲ್ಲ ಎಂದ ಹಾಗಾಯಿತು.

"ಇದನ್ನ ನಾನೇ ಇಟ್ಟುಕೊಳ್ತೀನಿ," ಎಂದ ಮೆರಿಕ್, ನಾಣ್ಯವನ್ನು ಮುಷ್ಟಿಯಲ್ಲಿ ಮುಚ್ಚುತ್ತ. "ಕೊನೇ ಪಂದ್ಯದ ಗುರುತು. ಸರ ಮಾಡಿಸಿ ಹಾಕಿಕೊಳ್ತೀನಿ."

ದ್ವಾರಕನಾಥನ ಕಿವಿಯಲ್ಲಿ ಹೆಂಡತಿಯ ಮಾತು ಗಂಟೆ ಹೊಡೆದ ಹಾಗೆ ಹೊಡೆಯಿತು. ಆರು ಸಾವಿರ ಜನರ ಕಣ್ಣು, ಹನ್ನೆರಡು ವರ್ಷದ್ದು, ಆ ಮುಷ್ಟಿಯೊಳಗಿತ್ತು. ಹೇಳಬೇಕೆಂದು ಬಾಯಿ ತೆರೆದ. ದೃಷ್ಟಿ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಹೊರಟರೆ ಅದು ಕನ್ನಡಕದ ಅಂಗಡಿಗೆ ಹೋಗಿ ನಿಲ್ಲುತ್ತದೆ. ಗಾಡಿಯವನು ಹೊರಡುವ ಅವಸರದಲ್ಲಿದ್ದ. ಮುಂದಿನ ಬ್ಲಾಕಿನವರು ಮೆರಿಕ್ ಹೆಸರು ಕೂಗುತ್ತಿದ್ದರು.

"ಬೇಡ. ವಾಪಸ್ ಕೊಡಿ," ಎಂದ ದ್ವಾರಕನಾಥ.

ಮೆರಿಕ್‌ಗೆ ಅರ್ಥವಾಗಲಿಲ್ಲ. ಇವನು ಕೈ ಚಾಚಿದ. "ನನ್ನ ನಾಣ್ಯ. ನನಗೆ ಬೇಕು. ದಯವಿಟ್ಟು."

ಆ ಮನುಷ್ಯನ ಮುಖದಲ್ಲಿ ನಗು ಇದ್ದ ಜಾಗದಲ್ಲಿ ಏನೋ ಮುಚ್ಚಿಕೊಂಡಿತು. ಸಿಟ್ಟಲ್ಲ, ಅಪರಿಚಿತರ ಜೊತೆ ಸಲಿಗೆ ಜಾಸ್ತಿಯಾಯಿತು ಎಂದು ತಿಳಿದವರ ಮರ್ಯಾದೆ. ಖಂಡಿತ, ನಿಮ್ಮದು ತಾನೆ ಎಂದು ನಾಣ್ಯವನ್ನು ದ್ವಾರಕನಾಥನ ಅಂಗೈಯಲ್ಲಿಟ್ಟ. ಗಾಡಿ ಹೊರಟಿತು. ಅವನು ಹಿಂದೆ ತಿರುಗಿ ನೋಡಲಿಲ್ಲ. ನೋಡಲು ಆ ಗಾಡಿಯಲ್ಲಿ ಅನುಕೂಲವೂ ಇರಲಿಲ್ಲ ಎಂದು ಕೈಸರ್ ಆಮೇಲೆ ಹತ್ತು ಸಲ ಹೇಳಿದ.

ದ್ವಾರಕನಾಥ ನಾಣ್ಯವನ್ನು ಜೇಬಿಗೆ ಹಾಕಿಕೊಂಡ. ಗುಡಿಸಿ ಎಸೆಯಬಹುದಿತ್ತು, ಆದರೆ ಎಲ್ಲಿ ಎಸೆದರೂ ಆ ಊರಿನಲ್ಲಿ ಯಾರಾದರೂ ಒಬ್ಬ ಶಿಸ್ತಿನ ಮನುಷ್ಯ ಹೆಕ್ಕಿ, ಬಿದ್ದು ಸಿಕ್ಕಿದ ಸಾಮಾನಿನ ಕಚೇರಿಗೆ ತಲುಪಿಸಿಬಿಡುತ್ತಾನೆ.

"ಒಂದು ರೂಪಾಯಿಗೆ ಹನ್ನೆರಡು ವರ್ಷದ ಸ್ನೇಹ ಕಳಕೊಂಡೆಯಲ್ಲೋ," ಎಂದ ಕೈಸರ್, ಕಾರಿನ ಹತ್ತಿರ.

"ಸ್ನೇಹ ಎಲ್ಲಿತ್ತು. ಕಾಲಿಲ್ಲದೋನು ಅಂತ ಮರುಕ ಇತ್ತು."

ಮೆರಿಕ್ ನವೆಂಬರಿನಲ್ಲಿ ಆಪರೇಷನ್ ಮಾಡಿಸಿಕೊಂಡು ನೆಬ್ರಾಸ್ಕಕ್ಕೆ ಹೋದ. ಕ್ಲಬ್ಬಿನವರು ಅವನ ಫೋಟೋ ಹಾಕಿದ್ದರು, ಒಂದು ಸ್ಕೂಲಿನ ಮೈದಾನದಲ್ಲಿ ಕೋಲಿಲ್ಲದೆ ನಿಂತಿದ್ದಾನೆ. ದ್ವಾರಕನಾಥ ಅದನ್ನು ಹಿಗ್ಗಿಸಿ ಹಿಗ್ಗಿಸಿ ಬಲ ಮೊಣಕಾಲನ್ನು ನೋಡಿದ. ಚೆನ್ನಾಗಿ ಭಾರ ಹೊತ್ತಿತ್ತು.

ಡಿಸೆಂಬರಿನ ಹೊತ್ತಿಗೆ ದ್ವಾರಕನಾಥನ ಬಲ ಮಂಡಿ ಹಿಡಿದುಕೊಂಡಿತು. ಐವತ್ತನಾಲ್ಕು ವರ್ಷ, ತೂಕ ಜಾಸ್ತಿ, ಕೂತು ಮಾಡುವ ಕೆಲಸ, ಇನ್ನೇನಾಗುತ್ತೆ ಎಂದರು ಡಾಕ್ಟರು. ಪ್ರೇಮಕುಮಾರಿ ಬಿಸಿನೀರಿನ ಶಾಖ ಕೊಡುತ್ತ, ಆ ನಾಣ್ಯ ಏನು ಮಾಡಿದಿರಿ ಎಂದು ಒಂದು ದಿನ ಕೇಳಿದಳು. ತುಂಡುಗಳ ಜೊತೆ ಹೋಯಿತು ಎಂದ. ಈಗ ಫೊಯರ್‌ಬಾಕ್ ನಿಲ್ದಾಣದ ಮೆಟ್ಟಿಲನ್ನು ಅವನು ಕಂಬಿ ಹಿಡಿದು ಒಂದೊಂದಾಗಿ ಹತ್ತುತ್ತಾನೆ. ಪ್ರತಿ ಮೆಟ್ಟಿಲಿಗೂ ಮಂಡಿ ಕಣ್ಣು ಮಿಟುಕಿಸುವಷ್ಟು ಹೊತ್ತು ಯೋಚನೆ ಮಾಡುತ್ತದೆ. ಅವನು ನಿಂತು ಆ ಸದ್ದಿಗೆ ಕಿವಿಗೊಡುತ್ತಾನೆ, ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ, ಇನ್ನೊಂದು ಮೆಟ್ಟಿಲು ಹತ್ತುತ್ತಾನೆ. ಹಿಂದಿನವರು ದಾರಿ ಬಿಡಿ ಎಂದು ಗೊಣಗುತ್ತಾರೆ.